ಕುದುರೆಯೇರಿದ ಮಿಡತೆ

ಲಾಂಡ್ರಿಗೆ ಬಟ್ಟೆ ಕೊಡಲು ಬರುವವರು ಇವತ್ತಿಗೂ ಕೌಂಟರಿಗೆ ಮೊಣಕೈ ಊರಿ ಎರಡು ಮಾತಾಡಿಯೇ ಹೋಗುತ್ತಾರೆ. "ನಿಮ್ಮಕ್ಕ ನಮಗೆ ಡ್ರಿಲ್ ಟೀಚರ್ ಆಗಿದ್ರು. ಒಂದಿನ ನಿಂತಲ್ಲಿಂದಲೇ ಬೆಂಚು ಹಾರಿ ತೋರಿಸಿದ್ರು" ಅನ್ನುತ್ತಾಳೆ ಒಬ್ಬಳು. "ಆ ವಯಸ್ಸಲ್ಲಿ ಕುದುರೆ ಮೇಲೆ ಕೂತು ಹಾರಿದ್ದನ್ನ ನಾನು ಕಣ್ಣಾರೆ ನೋಡಿದೀನಿ" ಅನ್ನುತ್ತಾರೆ ಇನ್ನೊಬ್ಬರು. ತಂಗಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಕಾಲರಿಗೆ ನಂಬರಿನ ಚೀಟಿ ಚುಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಅಕ್ಕ ಹೋಗಿ ಮೂರು ವರ್ಷವಾಯಿತು. ಅವಳ ಬಗ್ಗೆ ಹೇಳಲು ಬೀದಿಗೆಲ್ಲ ಒಂದೊಂದು ಕತೆಯಿದೆ. ತಂಗಿಯ ಹತ್ತಿರವೂ ಒಂದಿದೆ, ಆದರೆ ಅದು ಅವಳ ಕೈಗೆ ಸಿಗಲು ಹೆಚ್ಚುಕಡಿಮೆ ಒಂದು ಜನ್ಮವೇ ಹಿಡಿಯಿತು.

ಅಕ್ಕನಿಗೆ ಚಿಕ್ಕಂದಿನಿಂದಲೂ ಮಿಡತೆ ಎಂದೇ ಹೆಸರು. ಉದ್ದ ಕಾಲು, ಕಡ್ಡಿಯಂಥ ಮೈ, ಕೂತಲ್ಲಿ ಕೂರದ ಜೀವ. ಮನೆಯ ಹೊಸ್ತಿಲನ್ನು ಕೂಡ ಅವಳು ದಾಟಿದ್ದಿಲ್ಲ, ಹಾರಿಯೇ ಒಳಗೆ ಬರುತ್ತಿದ್ದಳು. ಅಂಥವಳು ಹರ್ಡಲ್ಸ್ ಓಟಗಾರ್ತಿಯಾದದ್ದರಲ್ಲಿ ಆಶ್ಚರ್ಯವೇನಿಲ್ಲ. ತಂಗಿಗೆ ಮುಚ್ಚಾಲೆ ಎಂದು ಹೆಸರು, ಇಟ್ಟವಳು ಅಕ್ಕನೇ. ಕಣ್ಣುಮುಚ್ಚಾಲೆಯ ಮುಚ್ಚಾಲೆ. ಮೊದಲ ಸಲ ಮೈದಾನಕ್ಕೆ ಹೋದಾಗ ಅಕ್ಕನ ಕಾಲು ಅಡ್ಡಪಟ್ಟಿಗೆ ತಗುಲಿ, ಅವಳು ಮಣ್ಣಿನ ಟ್ರ್ಯಾಕಿನ ಮೇಲೆ ಮುಖ ಉಜ್ಜಿಕೊಂಡು ಬಿದ್ದದ್ದನ್ನು ತಂಗಿ ನೋಡಿದ್ದಳು. ಅವತ್ತಿನಿಂದ ಅವಳ ಪದ್ಧತಿ ಒಂದೇ. ಅಕ್ಕನ ಚಪ್ಪಲಿ, ಟವೆಲು ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂರುವುದು, ಪಿಸ್ತೂಲು ಢಂ ಎಂದ ಕೂಡಲೇ ಕಣ್ಣು ಮುಚ್ಚುವುದು. ಜನ ಚಪ್ಪಾಳೆ ತಟ್ಟಿದ ಮೇಲೆ ಮೊದಲು ಒಂದೇ ಕಣ್ಣು ಬಿಟ್ಟು, ಅಕ್ಕ ನಿಂತಿದ್ದಾಳೋ ಬಿದ್ದಿದ್ದಾಳೋ ನೋಡಿ, ಆಮೇಲೆ ಇನ್ನೊಂದು ಕಣ್ಣು ಬಿಡುವುದು. ಅಕ್ಕ ಪದಕ ಗೆದ್ದಳು, ದೇಶದ ತಂಡಕ್ಕೂ ಹೋಗಿ ಬಂದಳು. ತಂಗಿ ಎಲ್ಲಕ್ಕೂ ಹಾಜರಿದ್ದಳು, ಒಂದನ್ನೂ ನೋಡಲಿಲ್ಲ. "ನಮ್ಮ ಮುಚ್ಚಾಲೆ ಕಿವೀಲೇ ನೋಡ್ತಾಳೆ" ಎಂದು ಅಕ್ಕ ಎಲ್ಲರೆದುರು ನಗಾಡುತ್ತಿದ್ದಳು.

ತಂಗಿಯ ಗಂಡ ತೀರಿಕೊಂಡು, ಅಕ್ಕ ಶಾಲೆಯಿಂದ ನಿವೃತ್ತಳಾದ ಮೇಲೆ ಇಬ್ಬರೂ ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಒಟ್ಟಿಗಿದ್ದರು. ಅಷ್ಟು ಹೊತ್ತಿಗೆ ಮಿಡತೆಯ ಎಡಮಂಡಿ ಕೈಕೊಟ್ಟಿತ್ತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು, ಪ್ರತಿ ಮೆಟ್ಟಿಲನ್ನೂ ಬೈಯುತ್ತಾ ಹತ್ತುತ್ತಿದ್ದಳು. ಅದನ್ನು ಕೇಳುವಾಗ ತಂಗಿಗೆ ಅಯ್ಯೋ ಅನ್ನಿಸುತ್ತಿತ್ತು. ಆದರೆ ಒಳಗೊಳಗೇ ಒಂದು ನೆಮ್ಮದಿಯೂ ಇತ್ತು. ಇನ್ನು ಇವಳು ಏನನ್ನೂ ಹಾರುವುದಿಲ್ಲವಲ್ಲ!

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಬಿಳಿ ಪ್ಯಾಂಟುಗಳಿಂದ. ಊರಾಚೆ ಒಂದು ಕುದುರೆ ಸವಾರಿ ಕ್ಲಬ್ಬು. ಅಲ್ಲಿಯವರ ಬಿಳಿ ಪ್ಯಾಂಟುಗಳು, ಒಳತೊಡೆಗೆ ಕಂದು ರೋಮ ಮೆತ್ತಿಕೊಂಡು, ಬೆವರು ನಾರುತ್ತಾ ಇವರ ಲಾಂಡ್ರಿಗೇ ಬರುತ್ತಿದ್ದವು. ಒಂದು ದಿನ ಅವನ್ನು ತಲುಪಿಸಿ ಬರುತ್ತೇನೆಂದು ಹೋದ ಅಕ್ಕ ಸಂಜೆಯಾದರೂ ಬರಲಿಲ್ಲ. ಬಂದಾಗ ಕಣ್ಣು ಹೊಳೆಯುತ್ತಿತ್ತು.

"ಅಲ್ಲೂ ಹರ್ಡಲ್ಸ್ ಇದೆ ಕಣೇ."

"ಯಾರು ಹಾರ್ತಾರೆ?"

"ಕುದುರೆ."

"ಹಾರ್ಲಿ ಬಿಡು. ನಿಂಗೇನು?"

"ನನ್ನ ಮಂಡಿ ಸವೆದು ಹೋಗಿದೆ. ಅದರ ಮಂಡಿ ಚೆನ್ನಾಗಿದೆ" ಅಂದಳು ಅಕ್ಕ.

ಕುದುರೆ ಕಂಡರೆ ಕಾಲು ನೋವು ಅಂತ ಗಾದೆ. ಇವಳದ್ದು ಎಲ್ಲ ಉಲ್ಟಾ. ಕಾಲು ನೋವು ಮೊದಲೇ ಇತ್ತು, ಕುದುರೆ ಆಮೇಲೆ ಕಂಡಿತು. ಬೀದಿಯವರು ಅರವತ್ತಕ್ಕೆ ಅರಳು ಮರಳು ಎಂದರು. "ನಂಗೆ ಅರವತ್ತೊಂದು, ಒಂದು ವರ್ಷ ತಡವಾಯ್ತು" ಎಂದು ಅಕ್ಕ ಅವರಿಗೇ ಸಮಾಧಾನ ಹೇಳಿದಳು. ಲಾಯದ ಕಂಬಳಿಗಳನ್ನು ತೊಳೆದುಕೊಡುವುದು, ಬದಲಿಗೆ ಸವಾರಿ ಕಲಿಯುವುದು ಎಂದು ಕ್ಲಬ್ಬಿನವರ ಜೊತೆ ಒಪ್ಪಂದವಾಯಿತು. ತೊಳೆಯುವವಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಮೆಷಿನ್ನಿನ ಕೊಳವೆಯಿಂದ ಕುದುರೆಯ ರೋಮ ಎಳೆದು ಎಳೆದು ತಂಗಿಯ ಉಗುರು ಸವೆಯಿತು.

ಅಕ್ಕನಿಗೆ ಸಿಕ್ಕಿದ್ದು ಒಂದು ಮುದಿ ಹೆಣ್ಣುಕುದುರೆ. ಲಾಯದವರು ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಅಜ್ಜಿಯ ಮೇಲೆ ಅಜ್ಜಿ ಎಂದು ನಗುವವರಿಗೆ ಅಷ್ಟು ಸಾಕಾಯಿತು. ಕಲಿಸುವವರು ಸವಾರಿ ಮೇಷ್ಟ್ರು, ಬೆಟ್ಟದಂಥ ಆಳು, ಬೆಣ್ಣೆಯಂಥ ಮಾತು, ವಯಸ್ಸಿನಲ್ಲಿ ಅಕ್ಕನ ಶಿಷ್ಯನಾಗಬಹುದಾದವರು. ನಡಿಗೆ, ಓಟ ಎಲ್ಲ ಅಕ್ಕನಿಗೆ ಬೇಗ ಒಲಿಯಿತು. ಎಡವಟ್ಟಾದದ್ದು ಹಾರುವ ಕಡೆ. ಹರ್ಡಲ್ಸ್ ಓಡಿದವಳಿಗೆ ಯಾವ ಹೆಜ್ಜೆಗೆ ನೆಲ ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ, ಮೈಯೇ ಹೇಳುತ್ತದೆ. ಅಕ್ಕನ ಮೈ ಇನ್ನೂ ಹೇಳುತ್ತಿತ್ತು, ಆದರೆ ಕುದುರೆಗಿಂತ ಒಂದು ಹೆಜ್ಜೆ ಮೊದಲೇ ಹೇಳುತ್ತಿತ್ತು. ಅಡ್ಡಗಂಬದ ಹತ್ತಿರ ಬಂದ ಕೂಡಲೇ ಅವಳು ಜೀನಿನಿಂದ ಎದ್ದುಬಿಡುವಳು, ಲಗಾಮು ಬಿಗಿಯುವುದು, ಅಜ್ಜಿ ಗಕ್ಕನೆ ನಿಲ್ಲುವುದು. ಕುದುರೆ ಈಚೆ, ಅಕ್ಕ ಆಚೆ.

"ನೀವು ಹಾರಿದ್ದು ಚೆನ್ನಾಗಿತ್ತು ಟೀಚರ್" ಎಂದರು ಮೇಷ್ಟ್ರು, ಅವಳ ಬೆನ್ನಿನ ಮರಳು ಕೊಡವುತ್ತಾ. "ಮುಂದಿನ ಸಲ ಕುದುರೆನೂ ಕರ್ಕೊಂಡು ಹೋಗಿ."

"ಎಲ್ಲಿ ತಪ್ಪಿದೆ ಮೇಷ್ಟ್ರೇ?"

"ಹಾರೋದು ಅದರ ಕೆಲಸ, ಕೂತ್ಕೊಳ್ಳೋದು ನಿಮ್ಮ ಕೆಲಸ. ಬಿಡಿ ಟೀಚರ್, ಸ್ವಲ್ಪ ಬಿಡಿ."

"ಹಾರೋದು ಹುಟ್ಟಿದಾಗಿಂದ ಬರುತ್ತೆ. ಕೂತ್ಕೊಳ್ಳೋದನ್ನ ಯಾರೂ ಹೇಳಿಕೊಟ್ಟಿಲ್ಲ."

ಬಿಡಿ ಎಂದರೆ ಬಿಡುವವಳೇ ಅವಳು? ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರ ಪೈಕಿ, ಮೀಸೆಯೊಂದಿರಲಿಲ್ಲ ಅಷ್ಟೆ. ಎರಡನೇ ವರ್ಷಕ್ಕೆ ಸ್ಪರ್ಧೆಗಳಿಗೂ ಹೆಸರು ಕೊಟ್ಟಳು. ಯಾರೋ ಲಾಂಡ್ರಿಗೆ ಕೊಟ್ಟು ಮರೆತ ಕರಿ ಕೋಟನ್ನು ತಂಗಿ ಅವಳ ಅಳತೆಗೆ ಹಿಡಿದು ಹೊಲಿದಳು. ಎಲ್ಲಕ್ಕಿಂತ ಕೆಳಗಿನ ದರ್ಜೆ, ಜೊತೆಗೆ ಇನ್ನೂ ಹಾಲುಹಲ್ಲು ಬೀಳದ ಮಕ್ಕಳು. ಕುದುರೆ ಮತ್ತೆ ಮತ್ತೆ ನಿಂತರೆ ಗಂಟೆ ಬಾರಿಸಿ ಹೊರಗೆ ಕಳಿಸುತ್ತಾರೆ. ಪ್ರತಿ ಸಲವೂ ಅಕ್ಕನಿಗೆ ಗಂಟೆ ಬಾರಿಸಿದರು. "ಸ್ಕೂಲಲ್ಲಿ ಗಂಟೆ ಹೊಡೆದ್ರೆ ಮಕ್ಕಳು ಮನೆಗೆ ಹೋಗೋವು. ಈಗ ಟೀಚರ್ ಹೋಗ್ಬೇಕು" ಎಂದು ಅವಳು ಮುಖ ಒರೆಸಿಕೊಂಡು ಬರುತ್ತಿದ್ದಳು. ಇದನ್ನೂ ತಂಗಿ ನೋಡಲಿಲ್ಲ, ಕೇಳಿಸಿಕೊಂಡಳು.

ಹೀಗಿರುವಾಗ ಮಂಡಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಆಪರೇಷನ್ ಆಗಲೇಬೇಕು, ಆದ ಮೇಲೆ ಕುದುರೆಯ ಮಾತೆತ್ತುವ ಹಾಗಿಲ್ಲ. ಅದಕ್ಕೆ ಮುಂಚೆ ಒಂದೇ ಒಂದು ಸ್ಪರ್ಧೆ ಉಳಿದಿತ್ತು. ಆಸ್ಪತ್ರೆಯಿಂದ ಬಂದ ಸಂಜೆ ಅಕ್ಕ ಅಂಗಡಿಯ ಮೂಲೆಯಲ್ಲಿ, ಒಗೆಯದ ಬಟ್ಟೆಗಳ ಗಂಟಿನ ಮೇಲೆ ಸುಮ್ಮನೆ ಕೂತಳು. ಸುಮ್ಮನೆ ಕೂತ ಅಕ್ಕನನ್ನು ನೋಡಿ ತಂಗಿಗೆ ಹೆದರಿಕೆಯಾಯಿತು.

"ಹಾರಿ ಮೇಲಿದ್ದಾಗ ನಾನು ಹೇಗಿರ್ತೀನಿ ಅಂತ ನಂಗೆ ಗೊತ್ತಿಲ್ಲ ಕಣೇ" ಅಂದಳು ಅಕ್ಕ. "ಅಪ್ಪ, ಅಮ್ಮ ಒಂದಿನಾನೂ ಬರ್ಲಿಲ್ಲ. ಫೋಟೋದವರು ಗೆಲ್ಲೋ ಗೆರೆ ಹತ್ರ ನಿಂತಿರ್ತಿದ್ರು. ಮೊನ್ನೆ ಲಾಯದವರು ಮೊಬೈಲಲ್ಲಿ ತೆಗೆದ್ರು, ಅದರಲ್ಲಿ ಕಂಡಿದ್ದು ಒಂದು ಹೆಲ್ಮೆಟ್ಟು, ಒಂದು ಕುದುರೆ ಬಾಲ. ನೋಡಿದೋರೆಲ್ಲ ಹೊರಗಿನೋರು. ನಮ್ಮೋರು ಅಂತ ಬಂದೋಳು ನೀನೊಬ್ಳು. ನೀನು ನೋಡಿದ್ರೆ ಮುಚ್ಚಾಲೆ."

ಇಷ್ಟು ವರ್ಷ ತಮಾಷೆ ಎಂದುಕೊಂಡದ್ದು ತಮಾಷೆಯಾಗಿರಲಿಲ್ಲ.

"ಈ ಸಲ ಒಂದೇ ಒಂದು ಸಲ ನೋಡ್ತೀಯಾ?"

"ನೋಡ್ತೀನಿ" ಅಂದಳು ತಂಗಿ. ಅಂದವಳಿಗೇ ನಂಬಿಕೆ ಇರಲಿಲ್ಲ. ಎಷ್ಟು ಸಲ ಹಾಗೆ ಅಂದುಕೊಂಡು ಹೋಗಿರಲಿಲ್ಲ! ಪ್ರತಿ ಸಲವೂ ರೆಪ್ಪೆ ತಾನಾಗಿ ಬೀಳುತ್ತಿತ್ತು. ಮೊದಲು ಕುದುರೆ ನಿಲ್ಲದ ಹಾಗೆ ಮಾಡೋಣ, ಕಣ್ಣಿನ ವಿಷಯ ಆಮೇಲೆ ಎಂದು ಅವಳು ಮಾತು ಮರೆಸಿದಳು.

ಮಾರನೆಯ ದಿನದಿಂದ ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲೇ ಸವಾರಿ. ಬಟ್ಟೆಯ ಗಂಟೇ ಕುದುರೆ, ಗಿರಾಕಿಗಳ ಎರಡು ಬೆಲ್ಟು ಜೋಡಿಸಿದರೆ ಲಗಾಮು. ಅದರ ಇನ್ನೊಂದು ತುದಿ ಹಿಡಿದು ಎದುರಿಗೆ ನಿಂತ ತಂಗಿಯೇ ಕುದುರೆಯ ಬಾಯಿ. ಅಕ್ಕ ಕಣ್ಣೆದುರಿಲ್ಲದ ಅಡ್ಡಗಂಬವನ್ನು ನೆನೆದು ಮುಂದಕ್ಕೆ ಬಾಗುವಳು, ಬೆಲ್ಟು ಜಗ್ಗುವುದು. ಮತ್ತೆ ಬಾಗುವಳು, ಮತ್ತೆ ಜಗ್ಗುವುದು. ತಂಗಿ ಅಭ್ಯಾಸಬಲದಿಂದ ಕಣ್ಣು ಮುಚ್ಚಿದಳು. ಮುಚ್ಚಿದ ಕೂಡಲೇ ಹಳೆಯ ಮೈದಾನದ ಸದ್ದೆಲ್ಲ ಕಿವಿಗೆ ಬಂತು. ದಬ ದಬ ಹೆಜ್ಜೆ, ಆಮೇಲೆ ಹಕ್ ಎಂದು ಕಟ್ಟಿಕೊಂಡ ಒಂದು ಉಸಿರು, ಆಮೇಲೆ ಏನೂ ಇಲ್ಲ, ಆಮೇಲೆ ಕಾಲು ನೆಲಕ್ಕೆ ಬೀಳುವ ಸದ್ದು. ಈಗಲೂ ಅದೇ ಹಕ್.

"ಅಕ್ಕಾ, ಹಾರೋ ಹೊತ್ತಿಗೆ ನೀನು ಉಸಿರು ಹಿಡೀತೀಯ. ಅದರ ಜೊತೆಗೇ ಕೈನೂ ಹಿಡಿಯುತ್ತೆ. ನಾನು ಕುದುರೆಯಾಗಿದ್ರೂ ನಿಂತುಬಿಡ್ತಿದ್ದೆ."

"ಏನ್ ಮಾಡ್ಲಿ ಹಾಗಾದ್ರೆ?"

"ಏನಾದ್ರೂ ಮಾತಾಡು. ಮಾತಾಡ್ತಾ ಉಸಿರು ಹಿಡಿಯೋಕಾಗಲ್ಲ."

"ಕುದುರೆ ಮೇಲೆ ಕೂತು ಯಾರ ಹತ್ರ ಮಾತಾಡ್ಲೇ?"

"ನನ್ನನ್ನೇ ಬೈಯಿ. ಅದು ನಿಂಗೆ ಸಲೀಸಾಗಿ ಬರುತ್ತಲ್ಲ" ಅಂದಳು ತಂಗಿ.

ಸ್ಪರ್ಧೆಯ ದಿನ ಮರದ ಬೆಂಚುಗಳ ತುಂಬಾ ಜನ. ತಂಗಿ ಮುಂದಿನ ಸಾಲಿನಲ್ಲಿ ಅಕ್ಕನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಳು. ಕೊನೆಯ ಅಡ್ಡಗಂಬ ಅವಳೆದುರಿಗೇ ಇತ್ತು. ಅಕ್ಕನೇ ಆ ಜಾಗ ತೋರಿಸಿ ಕೂರಿಸಿದ್ದಳು. ಆರಂಭದ ಗಂಟೆಯಾಯಿತು. ನೋಡುತ್ತೇನೆ, ಈ ಸಲ ನೋಡಿಯೇ ನೋಡುತ್ತೇನೆ ಎಂದು ಹಲ್ಲು ಕಚ್ಚಿದಳು. ಅಜ್ಜಿ ಮೊದಲ ಅಡ್ಡಗಂಬದ ಕಡೆ ತಿರುಗಿತು. ರೆಪ್ಪೆ ಬಿತ್ತು.

ಕತ್ತಲೆಯಲ್ಲಿ ಗೊರಸಿನ ಸದ್ದು, ಅದರ ಮೇಲೆ ಡ್ರಿಲ್ ಟೀಚರ ಗಂಟಲು.

"ಕಣ್ಣು ಬಿಡೇ!"

ಕುದುರೆ ನಿಲ್ಲಲಿಲ್ಲ. ಜನ ಗೊಳ್ಳೆಂದು ನಕ್ಕರು. ಎರಡನೆಯದರ ಹತ್ತಿರ ಮತ್ತೆ "ಕಣ್ಣು ಬಿಡೇ, ಮುಚ್ಚಾಲೆ!" ಒಂದು ಕಂಬ ಉರುಳಿದ ಸದ್ದಾಯಿತು, ಆದರೂ ಗೊರಸು ಮುಂದೆ ಓಡಿತು. ಅಲ್ಲಿಂದ ಮುಂದೆ ಪ್ರತಿ ಅಡ್ಡಗಂಬಕ್ಕೂ ಒಂದು ಬೈಗುಳ. ಜನರ ನಗು ನಿಂತು, ಈಗ ಎಲ್ಲರೂ ಉಸಿರು ಬಿಗಿಹಿಡಿದಿದ್ದರು, ಅಕ್ಕ ಒಬ್ಬಳನ್ನು ಬಿಟ್ಟು. ಚಪ್ಪಲಿಯನ್ನು ಅವುಚಿಕೊಂಡು ತಂಗಿ ಆ ಹಕ್ ಅನ್ನುವ ಸದ್ದಿಗೆ ಕಾಯುತ್ತಿದ್ದಳು. ಅದು ಬರಲಿಲ್ಲ. ಕೊನೆಯ ಅಡ್ಡಗಂಬದ ಕಡೆ ಗೊರಸು ತಿರುಗಿದಾಗಲೂ ಬರಲಿಲ್ಲ. ಇಷ್ಟು ವರ್ಷ ತಾನು ಹೆದರಿದ್ದು ಬೀಳುವುದಕ್ಕಲ್ಲ, ಆ ಒಂದು ಸದ್ದಿಗೆ ಎಂದು ಅವಳಿಗೆ ಆಗ ಹೊಳೆಯಿತು.

"ಕಣ್ಣು ಬಿಡೇ" ಎಂದಿತು ದನಿ, ಈ ಸಲ ತೀರ ಹತ್ತಿರದಲ್ಲಿ, ಮೆಲ್ಲಗೆ.

ತಂಗಿ ಕಣ್ಣು ಬಿಟ್ಟಳು.

ಅಕ್ಕ ಗಾಳಿಯಲ್ಲಿದ್ದಳು. ಅಜ್ಜಿಯ ಮುಂಗಾಲು ಎದೆಗೆ ಮಡಿಚಿಕೊಂಡಿತ್ತು, ಕಂದು ಕೊರಳು ಉದ್ದಕ್ಕೆ ಚಾಚಿತ್ತು, ಅಕ್ಕನ ಎರಡೂ ಕೈ ಅದರ ಹಿಂದೆಯೇ ಮುಂದಕ್ಕೆ ಹೋಗಿದ್ದವು. ಏನನ್ನೂ ಬಿಗಿಹಿಡಿಯದ ಕೈಗಳು. ಬೆಳಿಗ್ಗೆ ತಾನೇ ಇಸ್ತ್ರಿ ಹಾಕಿದ ಪ್ಯಾಂಟು, ಯಾರದೋ ಕರಿ ಕೋಟು, ಸವೆದ ಮಂಡಿ, ಎಲ್ಲ ನೆಲಕ್ಕೆ ಸಂಬಂಧವೇ ಇಲ್ಲದವುಗಳ ಹಾಗೆ ಮೇಲಿದ್ದವು. ಹುಟ್ಟಿದಾಗಿನಿಂದ ಒಂದು ಕಡೆ ಕೂರದವಳು ಅಲ್ಲಿ, ಅಷ್ಟೆತ್ತರದಲ್ಲಿ, ಹಾಯಾಗಿ ಕೂತಿದ್ದಳು. ಅವಳ ಮುಖ ತಂಗಿಯ ಕಡೆಗಿತ್ತು. ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಈ ಹೆಂಗಸು ಇಂಥವಳೇ ಎಂದು ತಂಗಿಗೆ ಮೈ ಜುಮ್ಮೆಂದಿತು. ದೊಡ್ಡ ಗುಡಿಯ ಮುಂದೆ ಬಂದವರ ಹಾಗೆ ಅವಳಿಗೆ ಎದ್ದು ನಿಲ್ಲಬೇಕೆನಿಸಿತು. ಎದ್ದು ನಿಂತಳು, ಚಪ್ಪಲಿ ಮಡಿಲಿನಿಂದ ಉರುಳಿ ಬಿತ್ತು. ಅಷ್ಟರಲ್ಲಿ ಅಜ್ಜಿ ನೆಲ ಮುಟ್ಟಿ ಮುಂದೆ ಓಡಿತ್ತು.

ಬಹುಮಾನವೇನೂ ಬರಲಿಲ್ಲ. ಒಂದು ಕಂಬ ಬಿದ್ದಿತ್ತು, ಮಕ್ಕಳು ಇವಳಿಗಿಂತ ಚುರುಕಾಗಿದ್ದರು. ಆದರೆ ಹೊರಗೆ ಕಳಿಸುವ ಗಂಟೆ ಮಾತ್ರ ಬಾರಿಸಲಿಲ್ಲ. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ ಅಕ್ಕನನ್ನು ಇಳಿಸಿಕೊಂಡರು. ಅವಳು ಕುಂಟುತ್ತಾ ಬೇಲಿಯ ಹತ್ತಿರ ಬಂದಳು.

"ನೋಡಿದ್ಯಾ?"

"ನೋಡ್ದೆ."

"ಸುಳ್ಳು ಹೇಳ್ಬೇಡ."

"ನಗ್ತಾ ಇದ್ದೆ ನೀನು" ಅಂದಳು ತಂಗಿ. "ಅಮ್ಮ ನಗೋ ಹಾಗೆ, ಒಂದೇ ಕಡೆ ಕೆನ್ನೆಗೆ."

ಅಕ್ಕ ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದಳು, "ಹುಡುಗಿಯಾಗಿದ್ದಾಗ್ಲೂ ನಗ್ತಿದ್ನೇನೇ?"

"ಗೊತ್ತಿಲ್ಲ ಅಕ್ಕ. ನಾನು ನೋಡಿಲ್ವಲ್ಲ."

ಬೇಲಿಯ ಎರಡೂ ಕಡೆ ನಿಂತು ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಅಜ್ಜಿ ಅಕ್ಕನ ಕೋಟಿನ ಜೇಬು ಮೂಸುತ್ತಾ ನಿಂತಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಮೆಟ್ಟಿಲುಗಳನ್ನು ಬೈಯುವುದು ಬಿಟ್ಟಳು. ಅಜ್ಜಿ ಇರುವ ತನಕ ಲಾಯಕ್ಕೆ ಹೋಗಿ ಅದರ ಕೊರಳು ತಿಕ್ಕಿ ಬರುತ್ತಿದ್ದಳು. ಕೆಲವು ವರ್ಷಗಳ ನಂತರ ಎದೆಯ ಕಾಯಿಲೆಗೆ ಹಾಸಿಗೆ ಹಿಡಿದಳು. ಕೊನೆಯ ದಿನ ನರ್ಸು ಬಂದು, ನೋಡೋಕೆ ಕಷ್ಟ ಆಗುತ್ತಮ್ಮ, ಬೇಕಾದರೆ ಹೊರಗೆ ಕೂತಿರಿ ಎಂದಳು. ತಂಗಿ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಅಕ್ಕ ಉಸಿರು ಹಿಡಿಯಲಿಲ್ಲ, ಮೆಲ್ಲಗೆ ಬಿಟ್ಟಳು. ಅಕ್ಕ ಕಣ್ಣು ಮುಚ್ಚಿದಾಗ ತಂಗಿ ಕಣ್ಣು ಬಿಟ್ಟುಕೊಂಡು ಅವಳ ಆ ಒಂದು ಕಡೆಯ ಕೆನ್ನೆಯನ್ನೇ ನೋಡುತ್ತಾ ಕೂತಿದ್ದಳು.