ಕುರಿಯ ಹಿಂದೆ ಹತ್ತು ದಿನ

ನನ್ನ ಬಾಯಿ ಮೊದಲಿನಿಂದಲೂ ಜೋರು. ಹೆರಿಗೆ ವಾರ್ಡಿನಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿ ದುಡಿದ ಮೇಲೆ ಅದಕ್ಕೆ ಲಗಾಮೇ ಇಲ್ಲದಂತಾಯಿತು. ಹೋದ ಚಳಿಗಾಲದಲ್ಲಿ ಒಬ್ಬ ಬಾಣಂತಿ ಹೆತ್ತ ಮಗುವನ್ನು ನೋಡದೆ ಗೋಡೆಯ ಕಡೆ ಹೊರಳಿ ಮಲಗಿದಳು. ಎದೆಗೆ ಹಾಕಿಕೊಳ್ಳಲು ಒಪ್ಪಲಿಲ್ಲ. "ಹೆತ್ತ ಮ್ಯಾಲೆ ನೋಡ್ಕೋಬೇಕು, ತಿಳಿಯಂಗಿಲ್ಲೇನು ನಿನಗ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ. ಅವಳು ಸಣ್ಣ ದನಿಯಲ್ಲಿ ಏನೋ ಕೇಳಿದಳು. ನಾನು ಮುಂದಿನ ಮಂಚಕ್ಕೆ ಹೋಗಿಬಿಟ್ಟೆ.

ಅಂದಿನಿಂದ ನಿದ್ದೆ ಹತ್ತಲಿಲ್ಲ, ಅನ್ನ ಸೇರಲಿಲ್ಲ. ಹಸುಗೂಸನ್ನು ಎತ್ತಿಕೊಂಡರೂ ಏನೂ ಅನ್ನಿಸುತ್ತಿರಲಿಲ್ಲ. ಈ ಕೆಲಸಕ್ಕೆ ನಾನಿನ್ನು ಲಾಯಕ್ಕೇ ಎಂಬ ಭಯ ಹಿಡಿಯಿತು. ಹತ್ತು ದಿನ ರಜೆ ಹಾಕಿ ಅಕ್ಕನ ಹತ್ತಿರ ಹೋದೆ. ಅವಳೂ ಅವಳ ಗಂಡನೂ ಉಜ್ಜಿನಿ ಕಡೆಯಿಂದ ಕುರಿ ಹೊಡೆದುಕೊಂಡು ಹಂಪಸಾಗರದ ಹತ್ತಿರ ಬಂದಿದ್ದರು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ಕುರಿ ನಿಲ್ಲಿಸಿಕೊಳ್ಳುತ್ತಾರೆ.

ರಾತ್ರಿ ಕುರಿ ಕೂಡುವ ಬಲೆಯನ್ನು ದಿನವೂ ಕಿತ್ತು ಬೇರೆ ಹೊಲದಲ್ಲಿ ಹಾಕಬೇಕು, ದಿನವಿಡೀ ನಡೆಯಬೇಕು. ಮೊದಲ ಎರಡು ದಿನ ಅಂಗಾಲಲ್ಲಿ ಬೊಬ್ಬೆ ಎದ್ದು ಅಳು ಬಂತು. ನಾಲ್ಕನೆಯ ದಿನ ಮೂರು ಸಜ್ಜೆ ರೊಟ್ಟಿ ತಿಂದೆ. ಕಂಬಳಿಯ ಮೇಲೆ ಉರುಳಿದರೆ ಬೆಳಗಿನವರೆಗೆ ಎಚ್ಚರವಿಲ್ಲ. "ಈಗ ನಮ್ಮ ಮನಿ ಹುಡುಗಿ ಆದಿ ನೋಡು," ಎಂದು ಅಕ್ಕ ನಕ್ಕಳು. ನನಗೂ ಹಾಗೇ ಅನ್ನಿಸಿತು. ಎಲ್ಲ ಸರಿಹೋಯಿತು ಅಂದುಕೊಂಡೆ.

ಏಳನೆಯ ದಿನ ಮಧ್ಯಾಹ್ನ ಜಾಲಿ ಗಿಡದ ಬುಡದಲ್ಲಿ ಒಂದು ಕುರಿ ಈಯಿತು. ಅಕ್ಕ ದೂರದಲ್ಲಿದ್ದಳು. ನನ್ನ ಕೈ ಸುಮ್ಮನಿರಬೇಕಲ್ಲ. ಚೀಲದಲ್ಲಿದ್ದ ಸ್ಯಾನಿಟೈಸರ್ ಅಂಗೈಗೆ ಸುರಿದುಕೊಂಡು, ವಾರ್ಡಿನಲ್ಲಿ ಕೂಸನ್ನು ಒರೆಸುವಂತೆ ಮರಿಯನ್ನು ಚೊಕ್ಕಟವಾಗಿ ಒರೆಸಿ ತಾಯಿಯ ಮುಂದಿಟ್ಟೆ. ಅದು ಮೂಸಿ ನೋಡಿ, ತಲೆಯಿಂದ ಗುದ್ದಿ ದೂಡಿತು. ಮತ್ತೆ ಇಟ್ಟೆ, ಮತ್ತೆ ದೂಡಿತು.

"ಹೆತ್ತ ಮ್ಯಾಲೆ ನೋಡ್ಕೋಬೇಕು, ತಿಳಿಯಂಗಿಲ್ಲೇನು ನಿನಗ?"

ಕುರಿಗೂ ಅದೇ ಮಾತು, ಅದೇ ದನಿ. ಬಯಲಲ್ಲಿ ನನ್ನ ಕಿವಿಗೇ ಅದು ಬಿದ್ದಾಗ ನಾಚಿಕೆಯಿಂದ ಕುಗ್ಗಿಹೋದೆ.

ಅಕ್ಕ ಓಡಿಬಂದು ನನ್ನ ಕೈ ಮೂಸಿದಳು. "ತಾಯಿ ನೆಕ್ಕೂಕಿಂತ ಮೊದ್ಲ ಮರಿ ಒರಸ್ತಾರೇನಲೇ? ಅದರ ವಾಸನಿನೇ ತಗದಬಿಟ್ಟಿ. ತನ್ನ ಮರಿ ಅಂತ ಅದಕ್ಕ ಹೆಂಗ ತಿಳೀಬೇಕು?"

"ಈಗೇನು ಮಾಡೂದು?"

"ಬೈದ್ರ ಹಾಲು ಇಳಿತಾವೇನು? ಹೆತ್ತು ದಣದೈತಿ. ಮೊದ್ಲ ನೀರು ಕುಡಸು."

ಕೊಡದ ನೀರನ್ನು ಬೋಗುಣಿಗೆ ಸುರಿದು ಹಿಡಿದೆ. ಕುರಿ ತಲೆ ಎತ್ತದೆ ಕುಡಿಯಿತು. ಅಕ್ಕ ಅದರ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೂ ಬಾಲಕ್ಕೂ ಸವರಿದಳು, ಮೇಲೆ ಚಿಟಿಕೆ ಉಪ್ಪು ಉದುರಿಸಿ ಕಾಯುತ್ತಾ ಕೂತಳು. ಹೊತ್ತು ಇಳಿಯುವಷ್ಟರಲ್ಲಿ ಕುರಿ ಮರಿಯನ್ನು ನೆಕ್ಕತೊಡಗಿತು.

ನಾನು ಬಿಕ್ಕಿ ಬಿಕ್ಕಿ ಅತ್ತೆ. ಮರಿ ಬದುಕಿತೆಂಬ ಖುಷಿಗೆ ಎಂದು ಅಕ್ಕ ತಿಳಿದಳು.

ರಜೆ ಮುಗಿಸಿ, ಮೈಯಲ್ಲಿ ಕಸುವು ತುಂಬಿಕೊಂಡು ವಾರ್ಡಿಗೆ ಹೋದೆ. ಆ ಬಾಣಂತಿಯ ಮಂಚದಲ್ಲಿ ಬೇರೆ ಯಾರೋ ಇದ್ದರು. ಅವರ ತಲೆದೆಸೆಯಲ್ಲಿ ಒಂದು ಲೋಟ ನೀರು ಇಟ್ಟೆ. ಅವತ್ತು ಆ ಬಾಣಂತಿ ಸಣ್ಣ ದನಿಯಲ್ಲಿ ಬೇಡಿದ್ದು ಇಷ್ಟೇ, ನೀರು. ನನಗೆ ಕೇಳಿಸಿತ್ತು.