ಗಂಗಲಕ್ಷ್ಮಮ್ಮನವರ ಹಳೇ ಕಂಪ್ಯೂಟರು, ಇಪ್ಪತ್ತು ನವಿಲು

ರಾಜ್ಯೋತ್ಸವದ ಡ್ಯಾನ್ಸಿಗೆ ಮಗಳು ಗಗನಾಳ ಕ್ಲಾಸಿನ ಇಪ್ಪತ್ತು ಮಕ್ಕಳ ಜಾಕೆಟಿಗೂ ನವಿಲಿನ ಕಸೂತಿ ಹಾಕಿಸಿಕೊಡುತ್ತೇನೆಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡಿದ್ದೆ. ಕಾರ್ಯಕ್ರಮ ನಾಳೆ ಬೆಳಿಗ್ಗೆ. ಹನ್ನೊಂದು ಗಂಟೆಗೆ ಸುಂಕದಕಟ್ಟೆಯ ಗಂಗಲಕ್ಷ್ಮಮ್ಮನವರ ಅಂಗಡಿಗೆ ಹೋದರೆ ಒಂದು ಜಾಕೆಟೂ ಆಗಿರಲಿಲ್ಲ.

"ಕಂಪ್ಯೂಟರಲ್ಲಿ ನವಿಲಿದೆ, ಮಿಷಿನ್‌ಗೆ ಹೋಗ್ತಿಲ್ಲ ಕಣಮ್ಮ," ಎಂದರು.

ಗಂಗಲಕ್ಷ್ಮಮ್ಮ ಏಳನೇ ಕ್ಲಾಸು ಓದಿದವರು. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಅದು ಬಾಗಿಲು ಹಾಕಿದಾಗ ಅಲ್ಲಿನ ಕಸೂತಿ ಮಿಷಿನ್ನನ್ನೂ ಅದಕ್ಕೆ ಡಿಸೈನ್ ಕಳಿಸುವ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನೂ ತಂದಿಟ್ಟುಕೊಂಡವರು. ಎರಡರ ನಡುವೆ ಒಂದು ನೀಲಿ ವೈರು. ಮೊನ್ನೆ ರಿಪೇರಿಯ ಮಹೇಶ್ ಬಂದು, ಇಂಟರ್ನೆಟ್ ಬರಲೆಂದು ನೆಟ್‌ವರ್ಕ್ ಸೆಟ್ಟಿಂಗಿನಲ್ಲಿದ್ದ ಕಂಪ್ಯೂಟರಿನ ನಂಬರ್ ಅಳಿಸಿ, ಆಟೊಮ್ಯಾಟಿಕ್ ಮಾಡಿ ಹೋಗಿದ್ದ. ಅಂದಿನಿಂದ ಮಿಷಿನ್ ಕಂಪ್ಯೂಟರಿನ ಕಣ್ಣಿಗೇ ಬೀಳುತ್ತಿಲ್ಲ.

ಮಹೇಶನಿಗೆ ಫೋನ್ ಮಾಡಿದೆ. "ಹಳೇ ನಂಬರ್ ಬರ್ಕೊಂಡಿಲ್ಲ ಮೇಡಂ. ಅದು ಗುಜರಿ, ಹೊಸದು ತಗೊಳ್ಳೋಕೆ ಹೇಳಿ."

"ಗುಜರಿಯಂತೆ! ಅವನ ಸ್ಕೂಟರಿಗಿಂತ ವಾಸಿ," ಎನ್ನುತ್ತ ಗಂಗಲಕ್ಷ್ಮಮ್ಮ ಎದ್ದರು. "ಹೀಗಾದಾಗೆಲ್ಲ ಫ್ಯಾಕ್ಟ್ರಿ ಇಂಜಿನಿಯರ್ ಮಿಷಿನ್ ಮೇಲಿನ ಚೀಟಿ ನೋಡ್ಕೊಂಡು ಬಂದು ಟೈಪ್ ಮಾಡೋರು."

ಚೀಟಿ ಇರಬೇಕಾದಲ್ಲಿ ಬರೀ ಕುಂಕುಮ. ವರ್ಷ ವರ್ಷದ ಆಯುಧಪೂಜೆಯ ವಿಭೂತಿ, ಗಂಧ, ಕುಂಕುಮ ಪದರ ಪದರವಾಗಿ ಗಟ್ಟಿಯಾಗಿತ್ತು.

"ಅಯ್ಯೋ, ಚೀಟಿ ಮೇಲೇ ಇಟ್ಟಿದೀರಲ್ಲ ಆಂಟಿ!"

"ಬೆಳ್ಳಗಿತ್ತು, ಬೊಟ್ಟು ಲಕ್ಷಣವಾಗಿ ಕಾಣ್ತಿತ್ತು. ಆ ಕೊಬ್ರಿ ಎಣ್ಣೆ ಕೊಡಿ ಇಲ್ಲಿ."

ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಒರೆಸಿದರು. ಬರಹವೂ ಅಳಿಸಿಹೋದರೆ? "ಮೆಲ್ಲಗೆ, ಮೆಲ್ಲಗೆ" ಎಂದು ನಾನು ಪಕ್ಕದಲ್ಲೇ ಜಪ ಮಾಡುತ್ತಿದ್ದೆ. ಕೆಂಪಿನಡಿಯಿಂದ ನಡುನಡುವೆ ಚುಕ್ಕಿಯಿಟ್ಟ ನಾಲ್ಕು ಸಂಖ್ಯೆಗಳು ಮೇಲೆದ್ದವು. ಕೊನೆಯದು ನಲವತ್ತು.

ಅದನ್ನೇ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಟೈಪ್ ಮಾಡಲು ಹೋದೆ. ಅವರು ಕೈ ಹಿಡಿದರು.

"ಅದು ಮಿಷಿನ್ ನಂಬರ್. ಬೀದಿ ಒಂದೇ ಇರ್ಬೇಕು, ಮನೆ ಬೇರೆ. ಮೊದಲ ಮೂರೂ ಹಾಗೇ ಹಾಕಿ, ಕೊನೇಲಿ ನಲವತ್ತೊಂದು."

"ಇದೆಲ್ಲ ಯಾರು ಹೇಳ್ಕೊಟ್ರು ನಿಮಗೆ?"

"ಯಾರು ಹೇಳ್ಕೊಡ್ತಾರೆ? ದಾರ ಏರಿಸ್ತಾ ಏರಿಸ್ತಾ ನೋಡ್ತಿದ್ದೆ."

ಟೈಪ್ ಮಾಡಿದೆ. ಅದರ ಕೆಳಗಿನ ಇನ್ನೊಂದು ನಂಬರಿನ ಸಾಲನ್ನು ಕಂಪ್ಯೂಟರೇ ತುಂಬಿಕೊಂಡಿತು. ಓಕೆ ಒತ್ತಿ, ನವಿಲನ್ನು ಕಳಿಸಿ, ಕಣ್ಣು ಮುಚ್ಚಿಕೊಂಡೆ.

ಟಕಟಕಟಕ! ನೀಲಿ ದಾರದಲ್ಲಿ ನವಿಲಿನ ಕೊರಳು ಮೂಡುತ್ತಿತ್ತು. ನಾನು ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೆ.

"ಬಿಡಿ ಬಿಡಿ, ಎಣ್ಣೆ ಕೈ!"

ಊಟಕ್ಕೂ ಏಳದೆ ಒಂದೊಂದಾಗಿ ಹಾಕಿದರು. ಸಂಜೆ ಏಳಕ್ಕೆ ಗಂಟು ಕಟ್ಟಿ ನನ್ನ ಮಡಿಲಿಗಿಟ್ಟರು. "ಎಣಿಸ್ಬೇಡಿ, ಸರಿಯಾಗಿದೆ."

ಆದರೂ ಬಿಚ್ಚಿ ಎಣಿಸಿದೆ. ಇಪ್ಪತ್ತೂ ಇದ್ದವು.