ಕೆಂದು ನಾಯಿ ತಿಂದ ನೀರುಗುಳ್ಳೆ

ಆ ಭಾನುವಾರ ಅಕ್ಕ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ಒಳಗೆ ಯಾರದೋ ಸೀರೆಗೆ ಫಾಲ್ ಹೊಲಿಯುತ್ತಿದ್ದೆ. ಪಕ್ಕದ ಖಾಲಿ ಸೈಟಿನಲ್ಲಿ, ಅವಳು ದಿನಾ ಅನ್ನ ಹಾಕುತ್ತಿದ್ದ ಮೂರು ಬೀದಿನಾಯಿಗಳು ಅವಳನ್ನೇ ನೋಡುತ್ತ ಮಲಗಿದ್ದವು. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಭಾರ ಅಂತ ಅವಳು ಬಹಳ ದಿನದಿಂದ ಹೇಳುತ್ತಿದ್ದಳು. ಗ್ಯಾಸ್ ಇರಬೇಕು ಅಂತ ಜೀರಿಗೆ ನೀರು ಕುಡಿಯುತ್ತಿದ್ದಳು. ಅವತ್ತೂ ಕುಡಿದಳು.

ಎದುರುಮನೆಯವರು ನಮ್ಮ ಬೀದಿಯ ಸಂಘದ ಅಧ್ಯಕ್ಷರು. ನಮ್ಮ ಚಿಕ್ಕಲಸಂದ್ರ ಹಳ್ಳಿಯಾಗಿದ್ದಾಗ ಇಲ್ಲಿ ರಾಗಿ ಬೆಳೆದವರು, ಈಗ ಮೂರು ಬಾಡಿಗೆ ಕಟ್ಟಡ ಇವೆ. ಅವರು ಗೇಟಿನಿಂದಲೇ ಕೂಗಿದರು.

"ಏನಮ್ಮಾ, ನಿಮ್ಮ ಮಕ್ಕಳಿಗೆ ಊಟ ಆಯ್ತಾ?"

ಅಕ್ಕ ತಲೆ ಎತ್ತಲಿಲ್ಲ. "ಆಯ್ತಣ್ಣ. ಸ್ವಲ್ಪ ಮಿಕ್ಕಿದೆ, ನಿಮಗೂ ಹಾಕ್ಲಾ?"

ಒಳಗೆ ಅವರ ಹೆಂಡತಿ ನಕ್ಕಿದ್ದು ನಮಗೆ ಕೇಳಿಸಿತು.

ಮರುದಿನ ಬನಶಂಕರಿಗೆ ಹೋಗುವಾಗ ಬಸ್ಸು ಗಕ್ಕನೆ ನಿಂತಿತು. ಮುಂದಿನ ಸೀಟಿನ ಕಂಬಿ ಅಕ್ಕನ ಪಕ್ಕೆಗೆ ಬಡಿಯಿತು. ಅಷ್ಟೇ ಆಗಿದ್ದು. ಕೆಳಗಿಳಿಸುವ ಹೊತ್ತಿಗೆ ಮೈತುಂಬ ದದ್ದು ಎದ್ದಿತ್ತು, ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆ ಸೇರಿಸಿದರೂ ಜೀವ ಉಳಿಯಲಿಲ್ಲ. ಅವಳ ಲಿವರಿನಲ್ಲಿ ನೀರು ತುಂಬಿದ ಗುಳ್ಳೆಯೊಂದು ವರ್ಷಗಟ್ಟಲೆ ಬೆಳೆದಿತ್ತಂತೆ. ಅದು ಒಡೆದು, ಒಳಗಿನ ನೀರು ಮೈಗೆ ಒಗ್ಗದೆ ಪ್ರಾಣ ಹೋಯಿತು ಅಂದರು ಡಾಕ್ಟರು. ನಾಯಿಯಿಂದ ಬರುವ ಹುಳ ಅಂತಲೂ ಅಂದರು.

ಬೀದಿಗೆ ಆ ಕೊನೆಯ ಮಾತು ಸಾಕಾಯಿತು. ತಿಥಿಗೆ ಬಂದವರು ವಡೆ ತಿನ್ನುತ್ತ, "ಅನ್ನ ಹಾಕಿದ ಕೈಯನ್ನೇ ತಿಂದ್ವು ನೋಡಿ" ಅಂದರು. ಅವಳು ಬದುಕಿದ್ದಾಗ ಅವಳ ಅನ್ನದ ತಪ್ಪಲೆಯನ್ನು ಕಾಲಿನಿಂದ ಒದ್ದವರೂ ಅವರಲ್ಲಿದ್ದರು. ಅಧ್ಯಕ್ಷರು ಕೈ ತೊಳೆದುಕೊಂಡು ಬಂದು ನನ್ನೆದುರು ನಿಂತರು.

"ನಾಯಿ ಹಿಡಿಯೋರನ್ನ ಕರೆಸ್ತೀನಿ. ನೀವೇ ಮುಂದೆ ನಿಂತು ಹೇಳಿದ್ರೆ ಮಾತಿಗೆ ತೂಕ ಇರುತ್ತೆ."

"ನಮ್ಮಕ್ಕನ್ನ ನಿಮ್ಮ ತಕ್ಕಡೀಲಿ ಇಡಬೇಡಿ" ಅಂದೆ.

ನನಗೆ ನಾಯಿಗಳ ಮೇಲೆ ಪ್ರೀತಿ ಇರಲಿಲ್ಲ. ಈಗಲೂ ಇಲ್ಲ. ಅವುಗಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಆದರೆ ಅಕ್ಕನ ಸಾವನ್ನು ಕೋಲು ಮಾಡಿಕೊಂಡು ಬೀಸುವವರನ್ನು ಕಂಡರೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಆಮೇಲೆ ಆಸ್ಪತ್ರೆಯಿಂದ ವಿಷಯ ತಿಳಿದು ಒಬ್ಬರು ಪಶುವೈದ್ಯೆ ಹುಡುಕಿಕೊಂಡು ಬಂದರು. ಈ ಹುಳಕ್ಕೆ ಲಸಿಕೆ ಮಾಡುವವರ ಜೊತೆ ಕೆಲಸವಂತೆ. ಅಕ್ಕ ಯಾವ ನಾಯಿಗಳಿಗೆ ಅನ್ನ ಹಾಕುತ್ತಿದ್ದಳು ಅಂತ ಕೇಳಿದರು. ಬಾಗಿಲು ಹಾಕಿಬಿಡೋಣ ಅನ್ನಿಸಿತು. ಅವರು ಹೊಸಿಲಿನ ಆಚೆಯೇ ನಿಂತು ವಿವರಿಸಿದರು. ಹುಳ ನಾಯಿಯ ಕರುಳಿನಲ್ಲಿರುತ್ತದೆ. ಅದರ ಮೊಟ್ಟೆ ಮಲದ ಜೊತೆ ಹುಲ್ಲಿಗೆ, ಸೊಪ್ಪಿಗೆ, ನಾಯಿಯ ಕೂದಲಿಗೆ ಅಂಟುತ್ತದೆ. ಕುರಿ ಆ ಹುಲ್ಲು ತಿಂದರೆ ಅದರ ಲಿವರಿನಲ್ಲಿ ನೀರುಗುಳ್ಳೆಯಾಗುತ್ತದೆ. ಆ ಗುಳ್ಳೆಯನ್ನು ನಾಯಿ ತಿಂದರೆ ಮತ್ತೆ ಹುಳ. ಮನುಷ್ಯರ ಬಾಯಿಗೆ ಮೊಟ್ಟೆ ಹೋದರೆ ಕುರಿಗೆ ಆಗಿದ್ದೇ ಆಗುತ್ತದೆ.

"ಕುರಿಗೆ ಬೇರೆ ದೇಶಗಳಲ್ಲಿ ಲಸಿಕೆ ಇದೆಯಮ್ಮ. ನಾಯಿಗೆ ಇನ್ನೂ ಪರೀಕ್ಷೆ ಮಾಡ್ತಿದೀವಿ."

"ಮನುಷ್ಯರಿಗೆ?"

"ಇಲ್ಲ. ನಾಯಿ ಹೊಟ್ಟೇಲಿ ಹುಳ ನಿಲ್ಲದಂಗೆ ಮಾಡಿದ್ರೆ ಮನುಷ್ಯರವರೆಗೆ ಬರೋದೇ ಇಲ್ವಲ್ಲ."

ನಾನು ಒಪ್ಪಿಕೊಂಡೆ. ನನಗೆ ಬೇಕಿದ್ದದ್ದು ಒಂದೇ, ಆ ಹುಳ ಸೋಲುವುದನ್ನು ನೋಡುವುದು.

ಮೊದಲು ಮೂರು ನಾಯಿಗಳಿಗೂ ಮಾತ್ರೆ ಕೊಟ್ಟು ಹೊಟ್ಟೆಯ ಹುಳ ಖಾಲಿ ಮಾಡಿಸಿದರು. ಆಮೇಲೆ ಎರಡು ಸಲ ಲಸಿಕೆ. ನಾನು ಅನ್ನದ ತಪ್ಪಲೆ ಹಿಡಿದು ನಿಂತರೆ ನಾಯಿಗಳು ಬರುತ್ತಿದ್ದವು. ಬರುತ್ತಿದ್ದುದು ಅಕ್ಕನ ತಪ್ಪಲೆಯನ್ನು ನೋಡಿ, ನನ್ನನ್ನಲ್ಲ. ಬೆಳಗ್ಗೆ ಆ ಡಾಕ್ಟರ್ ಮೇಡಂ ಕೈಗವಸು ಹಾಕಿಕೊಂಡು ಅವುಗಳ ಮಲ ಡಬ್ಬಿಗೆ ತುಂಬಿಕೊಳ್ಳುವಾಗ ಬಾಲ್ಕನಿಗಳಲ್ಲಿ ಜನ ನಿಲ್ಲುತ್ತಿದ್ದರು. "ಕಕ್ಕ ಮೇಡಂ ಬಂದ್ರು" ಅಂತ ನಗುತ್ತಿದ್ದರು. ನಾಯಿಮಲ ಯಾರೂ ಎತ್ತಲ್ಲ ಅಂತ ಪ್ರತಿ ಸಭೆಯಲ್ಲೂ ಕೂಗಾಡಿದವರು ಇವರೇ. ಒಬ್ಬರು ಎತ್ತಿದರೆ ಅದಕ್ಕೂ ನಗು.

ಎರಡನೇ ಲಸಿಕೆಯಾದ ಕೆಲವು ವಾರಗಳಿಗೆ, ಒಂದು ಭಾನುವಾರ, ಮಟನ್ ಅಂಗಡಿಯ ಸಾಲಿನಲ್ಲಿ ಅಧ್ಯಕ್ಷರು ನನ್ನ ಮುಂದಿದ್ದರು. ಅಂಗಡಿಯವನು ಅವರಿಗೆ ಅಂತ ಲಿವರ್ ಎತ್ತಿ ಹಲಗೆಯ ಮೇಲಿಟ್ಟ. ಅದರಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಬಿಳಿಯ ಗುಳ್ಳೆ ಇತ್ತು.

"ಥೂ, ಅದೇನಪ್ಪಾ ಅದು? ಕಿತ್ತಾಕು."

"ಬರೀ ನೀರು ಸಾರ್, ಏನೂ ಆಗಲ್ಲ."

"ತಿನ್ನೋನು ನಾನಪ್ಪಾ. ನಾಯಿಗೆ ಎಸಿ."

ಎಸೀಬೇಡಿ ಅಂತ ನಾನು ಕೂಗುವಷ್ಟರಲ್ಲಿ ಅವನು ಎಸೆದಾಗಿತ್ತು. ಆ ಮೂರರಲ್ಲೊಂದು, ನನ್ನ ಹಿಂದೆಯೇ ಬಂದಿದ್ದ ಕೆಂದು ನಾಯಿ, ಒಂದೇ ಗುಕ್ಕಿಗೆ ನುಂಗಿತು.

"ನಮ್ಮಕ್ಕನ ಹೊಟ್ಟೇಲಿದ್ದಿದ್ದು ಅದೇ" ಅಂದೆ. "ನೀವು ಈಗ ನಾಯಿಗೆ ತಿನ್ನಿಸಿದ್ರಲ್ಲ, ಅದೇ. ಇಷ್ಟು ವರ್ಷ ಪ್ರತಿ ಭಾನುವಾರ ಹಿಂಗೇ ಎಸೆಸಿದೀರಾ?"

ಸಾಲಿನವರೆಲ್ಲ ಅಧ್ಯಕ್ಷರ ಕಡೆ ತಿರುಗಿದರು. ಹಿಂದಿನಿಂದ ಯಾರೋ, "ಅಂದ್ರೆ ಅನ್ನ ಹಾಕಿದ್ದು ಆಯಮ್ಮ, ಹುಳ ಹಾಕಿದ್ದು ಅಧ್ಯಕ್ಷರು ಅನ್ನಿ" ಅಂದರು. ಒಂದಿಬ್ಬರು ನಕ್ಕರು. ಅಧ್ಯಕ್ಷರು ಮಾಂಸದ ಕವರ್ ಕಿತ್ತುಕೊಂಡು ಹೊರಟರು. "ಹೆಂಗಸು ಅಂತ ಸುಮ್ನಿದೀನಿ" ಅಂದರು.

ಮೇಡಂಗೆ ಫೋನ್ ಮಾಡಿದೆ. "ಅಯ್ಯೋ" ಅಂದರು ಮೊದಲು. ಆಮೇಲೆ ದನಿ ಬದಲಾಯಿತು. "ಕೆಂದು ನಾಯಿಗೆ ಎರಡೂ ಲಸಿಕೆ ಆಗಿದೆ ಅಲ್ವಾ? ಕಣ್ಣಾರೆ ನೋಡಿದ್ರಾ, ಪೂರ್ತಿ ನುಂಗ್ತಾ?" ಬೀದಿನಾಯಿಗೆ ಬೇಕೆಂದೇ ಗುಳ್ಳೆ ತಿನ್ನಿಸುವ ಹಾಗಿಲ್ಲವಂತೆ. ಇದು ತಾನಾಗಿ ಆಗಿತ್ತು. ಒಂದು ನಾಯಿಯಿಂದ ಏನೂ ಸಾಬೀತಾಗುವುದಿಲ್ಲ, ಆದರೂ ಲಸಿಕೆ ಹಿಡಿದಿದೆಯೋ ಇಲ್ಲವೋ ಅಂತ ಆ ನಾಯಿಯ ಮಲ ಹೇಳುತ್ತದೆ ಅಂದರು. ಒಂದು ತಿಂಗಳಿಗೇ ಹುಳದ ಗುರುತು ಮಲದಲ್ಲಿ ಸಿಗುತ್ತದಂತೆ, ಆಗ ಪರೀಕ್ಷಿಸುವುದು, ಹುಳ ಇದ್ದರೆ ಅದು ಮೊಟ್ಟೆ ಇಡುವ ಮುಂಚೆಯೇ ಮಾತ್ರೆ ಕೊಟ್ಟು ಕೊಲ್ಲುವುದು. "ಅಲ್ಲಿವರೆಗೂ ಅದನ್ನ ಎಲ್ಲೂ ಹೋಗೋಕೆ ಬಿಡಬೇಡಿ."

ಜೀವನದಲ್ಲಿ ಮೊದಲ ಸಲ ನಾನು ನಾಯಿಯೊಂದನ್ನು ಕಾದೆ. ಹೊಲಿಗೆಯನ್ನು ಬಾಗಿಲಿಗೆ ತಂದುಕೊಂಡೆ. ಅಕ್ಕ ಕೂರುತ್ತಿದ್ದ ಜಾಗದಲ್ಲೇ ಕೂತೆ.

ತಿಂಗಳು ತುಂಬಲು ಇನ್ನೂ ಸ್ವಲ್ಪ ದಿನ ಇರುವಾಗ ಸೀರೆ ಕೊಡಲು ಪದ್ಮನಾಭನಗರಕ್ಕೆ ಹೋಗಿದ್ದೆ. ಬಂದು ನೋಡಿದರೆ ಸೈಟು ಖಾಲಿ. ಅಧ್ಯಕ್ಷರ ಹೆಂಡತಿ ಗೇಟಿನ ಸಂದಿಯಿಂದ ಮೆಲ್ಲಗೆ ಹೇಳಿದರು, "ಇವ್ರು ಮೂರನ್ನೂ ಗೂಡ್ಸ್ ಆಟೋಗೆ ಹಾಕಿಸಿ ಕಳಿಸಿದ್ರು ಕಣಮ್ಮ. ಎಲ್ಲಿಗೆ ಅಂತ ನಂಗೂ ಹೇಳಿಲ್ಲ."

ಅಧ್ಯಕ್ಷರು ಒಳಗೆ ಕಾಫಿ ಕುಡಿಯುತ್ತಿದ್ದರು. ಹೋಗಿ ಎದುರಿಗೆ ನಿಂತೆ.

"ಎಲ್ಲಿ ಬಿಡಿಸಿದ್ರಿ?"

"ಯಾವ ನಾಯಿ?"

"ನಾನು ನಾಯಿ ಅಂದೇ ಇಲ್ಲ."

ಅವರು ಲೋಟ ಕೆಳಗಿಟ್ಟರು. "ನಾಯಿಗೆ ಇಷ್ಟು ಒದ್ದಾಡ್ತೀರಲ್ಲಮ್ಮ, ಅಕ್ಕ ಹೋದಾಗ ಒಂದು ಹನಿ ಕಣ್ಣೀರು ಕಾಣ್ಲಿಲ್ಲ."

ಆ ಮಾತನ್ನು ನಾನು ಅವರಿಗೆ ಕ್ಷಮಿಸುವುದಿಲ್ಲ. ಕ್ಷಮಿಸುವ ಅವಸರವೂ ಇಲ್ಲ.

ಕೆಲವು ದಿನ ಬಿಟ್ಟು ಉಳಿದೆರಡು ನಾಯಿಗಳು ಸೊರಗಿ, ಕಾಲು ಕುಂಟುತ್ತ ವಾಪಸ್ ಬಂದವು; ಕೆಂದು ನಾಯಿ ಬರಲಿಲ್ಲ. ಅವುಗಳ ಮಲದಲ್ಲಿ ಹುಳದ ಗುರುತಿಲ್ಲ ಅಂದರು ಮೇಡಂ. ಆದರೆ ಅವು ಗುಳ್ಳೆ ತಿಂದದ್ದನ್ನು ಯಾರೂ ಕಂಡಿಲ್ಲ, ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ. ಕೆಂದು ನಾಯಿಯ ಫೋಟೋ ಹಿಡಿದು ಅರೆಕೆರೆಯ ಗಲ್ಲಿಗಳಲ್ಲಿ, ಕನಕಪುರ ರಸ್ತೆಯ ಉದ್ದಕ್ಕೂ ಕೇಳಿದೆ. ಕೆಲವರು ಪಾಪ ಅಂದರು. ಕೆಲವರು, ಒಂದು ಹೋದ್ರೆ ಒಂದು ಬರುತ್ತೆ ಬಿಡಿ ಅಂದರು.

ಅದು ಬದುಕಿದ್ದರೆ ಯಾವುದೋ ಬೀದಿಯಲ್ಲಿ ಯಾರೋ ಅದಕ್ಕೆ ಅನ್ನ ಹಾಕಿ ತಲೆ ಸವರುತ್ತಿರಬಹುದು. ಲಸಿಕೆ ಹಿಡಿದಿದ್ದರೆ ಆ ಕೈಗೆ ಏನೂ ಆಗುವುದಿಲ್ಲ. ಹಿಡಿದಿಲ್ಲದಿದ್ದರೆ ಹುಳ ಇಷ್ಟರಲ್ಲಿ ಮೊಟ್ಟೆ ಇಟ್ಟಿರುತ್ತದೆ. ಯಾವುದು ನಿಜ ಅಂತ ಮೇಡಂಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೆಂದು ನಾಯಿ ಇನ್ನೂ ಸಿಕ್ಕಿಲ್ಲ.